ಕಲ್ಲಿನ ಮೊದಲ ಸಾಲು, ಮೊಬೈಲಿನ ಮೊದಲ ಸಾಲು

ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರಕ್ಕೆ ಹೋದವರು ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಬರುತ್ತಾರೆ. ಅಲ್ಲಿನ ದೊಡ್ಡ ದೊಡ್ಡ ಶಾಸನಗಳ ಮುಂದೆ ನಿಲ್ಲುವವರು ಕಡಿಮೆ. ಗುತ್ತಲದ ಗುತ್ತ ಅರಸರ ಚರಿತ್ರೆ ನಮಗೆ ಸಿಕ್ಕಿದ್ದು ಇಂಥ ಕಲ್ಲುಗಳಿಂದಲೇ. 1225ರಲ್ಲಿ ಶಿವದೇವ ಎಂಬ ಶೈವ ಸಂತ ಈ ಊರಿಗೆ ಬಂದದ್ದೂ ಹೀಗೇ ಗೊತ್ತಾದದ್ದು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಆ ಕಲ್ಲು ಗುಡಿಯ ಮುಖಪುಟ. ಈಗ ಪಂಚಾಯತಿ, ಎಪಿಎಂಸಿ, ಸಹಕಾರಿ ಸಂಘ ಎಲ್ಲಕ್ಕೂ ವೆಬ್‌ಸೈಟ್ ಬಂದಿದೆ. ಅದರ ಮುಖಪುಟದಲ್ಲಿ ಮೊದಲು ಏನು ಬರೆಯಬೇಕು ಅನ್ನುವ ಪ್ರಶ್ನೆ ಮಾತ್ರ ಆ ಕಲ್ಲಿನಷ್ಟೇ ಹಳೆಯದು.

ದಾನಶಾಸನಕ್ಕೆ ಒಂದು ಕ್ರಮ ಇತ್ತು. ಮೊದಲು ದೇವರ ಸ್ತುತಿ. ಆಮೇಲೆ ಚಕ್ರವರ್ತಿಯ ಬಿರುದುಗಳು, ಅವನ ಕೈಕೆಳಗಿನ ಮಾಂಡಲಿಕನ ಬಿರುದುಗಳು. ನಂತರ ಶಕವರ್ಷ, ಸಂವತ್ಸರ, ತಿಥಿ, ವಾರ. ಇಷ್ಟೆಲ್ಲ ದಾಟಿದ ಮೇಲೆ ವಿಷಯ: ಯಾರು, ಯಾವ ದೇವರಿಗೆ, ಎಷ್ಟು ಭೂಮಿ ಬಿಟ್ಟರು, ಅದರ ನಾಲ್ಕು ದಿಕ್ಕಿನ ಗಡಿ ಯಾವುದು. ಕೊನೆಗೆ ಶಾಪ, ಈ ದಾನ ಕೆಡಿಸಿದವನಿಗೆ ಕಾಶಿಯಲ್ಲಿ ಆಕಳು ಕೊಂದ ಪಾಪ ಅಂತ. ಊರಿನ ರೈತನಿಗೆ ಬೇಕಾದದ್ದು ಗಡಿ. ಅದು ಎಷ್ಟೋ ಸಾಲುಗಳ ಕೆಳಗೆ.

ಆದರೆ ಕಲ್ಲಿನ ನೆತ್ತಿ ನೋಡಿ. ಅಲ್ಲಿ ಸಾಮಾನ್ಯವಾಗಿ ಅಕ್ಷರ ಇರುವುದಿಲ್ಲ. ಲಿಂಗ, ಆಕಳು-ಕರು, ಸೂರ್ಯ-ಚಂದ್ರ ಇರುತ್ತವೆ. ಓದು ಬರದವನಿಗೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು: ಇದು ದೇವರಿಗೆ ಬಿಟ್ಟದ್ದು, ಸೂರ್ಯ ಚಂದ್ರ ಇರುವ ತನಕ ನಡೆಯಬೇಕಾದದ್ದು, ಕೈ ಹಚ್ಚಬೇಡ. ಶಾಸನ ಬರೆದ ಕವಿಯ ಕಣ್ಣು ಅರಸನ ಮೇಲಿತ್ತು, ಉಳಿ ಹಿಡಿದವನ ಕಣ್ಣು ಊರಿನವರ ಮೇಲಿತ್ತು ಅಂತ ನನಗೆ ಅನ್ನಿಸುತ್ತದೆ.

ಇದಾದ ಆರು ಶತಮಾನದ ಮೇಲೆ, ಕಲ್ಲೇ ಮತ್ತೆ ಬೇರೆ ರೀತಿಯಲ್ಲಿ ಕನ್ನಡದ ಕೆಲಸಕ್ಕೆ ಬಂತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಊರ ವರ್ತಮಾನ, ಸರಕಾರದ ನಿರೂಪ, ಪರದೇಶದ ಸುದ್ದಿ, ಕಥೆ ಎಲ್ಲ ಅದರಲ್ಲಿದ್ದವು. ಇಲ್ಲಿ ಬಿರುದಾವಳಿಯ ಕಾಲ ಮುಗಿದಿತ್ತು. ದುಡ್ಡು ಕೊಟ್ಟು ಕೊಳ್ಳುವವನಿಗೆ ಅವನು ಕೇಳುವ ಸುದ್ದಿ ಕೊಡಲೇಬೇಕಲ್ಲ!

ವೆಬ್‌ಸೈಟ್ ಬಂದಾಗ ಆ ಬಿರುದಾವಳಿ ಹೇಗೋ ವಾಪಸು ಬಂತು. ಎಷ್ಟೋ ಸರಕಾರಿ ಮುಖಪುಟ ತೆರೆದರೆ ಮೊದಲು ಸಚಿವರ ಫೋಟೋ, ಅಧಿಕಾರಿಯ ಫೋಟೋ, "ಸುಸ್ವಾಗತ", ಆಮೇಲೆ "ನಮ್ಮ ಬಗ್ಗೆ". ಬೇಕಾದ ವಿಷಯ ಮೂರು ಸಲ ಒತ್ತಿದ ಮೇಲೆ ಸ್ಕ್ಯಾನ್ ಮಾಡಿದ ಪಿಡಿಎಫ್ ಒಳಗೆ, ಅದೂ ವಾರೆಯಾಗಿ.

ಓದುವವರು ಎಷ್ಟು ಹೊತ್ತು ತಾಳ್ತಾರೆ? 1997ರಲ್ಲೇ ಜೇಕಬ್ ನೀಲ್ಸನ್ ಅನ್ನುವವರು ಪರೀಕ್ಷಿಸಿ ಬರೆದಿದ್ದರು: ಹೊಸ ಪುಟ ತೆರೆದವರಲ್ಲಿ ಶೇ. 79 ಮಂದಿ ಓದುವುದೇ ಇಲ್ಲ, ಕಣ್ಣಾಡಿಸುತ್ತಾರೆ. ಅದು ಕಂಪ್ಯೂಟರಿನ ಕಾಲ. ನಮ್ಮದು ಅಂಗೈಯಗಲದ ಪರದೆ, ಒಂದು ಸಾಲಿಗೆ ನಾಲ್ಕೈದು ಶಬ್ದ.

ಕನ್ನಡಕ್ಕೆ ಇನ್ನೊಂದು ತೊಡಕು ಇದೆ, ಇದನ್ನು ಇಂಗ್ಲಿಷಿನವರು ಹೇಳಿಕೊಡುವುದಿಲ್ಲ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಕೊಟ್ಟರೋ ಕಸಿದುಕೊಂಡರೋ ಅನ್ನುವುದು ತುದಿಯಲ್ಲಿ. ಮಾತಾಡುವಾಗ ವಾಕ್ಯ ಸಣ್ಣದು, ತೊಂದರೆ ಇಲ್ಲ. ಕಚೇರಿಯ ಕನ್ನಡ ಮಾತ್ರ ಶಾಸನದ ಹಾಗೆ ಉದ್ದಕ್ಕೆ ಹೋಗುತ್ತದೆ. ನಾನೇ ಕಟ್ಟಿದ ಒಂದು ಮಾದರಿ ನೋಡಿ: "ಸರ್ಕಾರದ ಮೇಲ್ಕಂಡ ಆದೇಶದನ್ವಯ ಪ್ರಸಕ್ತ ಸಾಲಿನ ಯೋಜನೆಯಡಿ ಅರ್ಹ ಫಲಾನುಭವಿ ರೈತರಿಂದ ಅಗತ್ಯ ದಾಖಲೆಗಳೊಂದಿಗೆ ನಿಗದಿತ ದಿನಾಂಕದೊಳಗೆ ಅರ್ಜಿಗಳನ್ನು ಆಹ್ವಾನಿಸಲಾಗಿದೆ." ಮೊಬೈಲಿನಲ್ಲಿ ಮೊದಲ ಎರಡು ಸಾಲು ಓದಿದವನಿಗೆ ಸಿಕ್ಕಿದ್ದು ಸರ್ಕಾರ ಮತ್ತು ಆದೇಶ, ಅಷ್ಟೆ. ಅದನ್ನೇ ಹೀಗೆ ಬರೆಯಬಹುದು: "ಬೀಜದ ಸಬ್ಸಿಡಿ. ಕೊನೇ ದಿನ ಜೂನ್ 20. ಪಹಣಿ, ಆಧಾರ್, ಪಾಸ್‌ಬುಕ್ ತನ್ನಿ. ಅರ್ಜಿ ರೈತ ಸಂಪರ್ಕ ಕೇಂದ್ರದಲ್ಲಿ." ಹೆಸರು ಮುಂದೆ, ದಿನ ಮುಂದೆ, ಕ್ರಿಯಾಪದ ಎಲ್ಲಿದ್ದರೂ ನಡೆಯುತ್ತದೆ.

ಬ್ಯಾಡಗಿಗೆ ಬನ್ನಿ. ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಗಾಢ, ಸಿಪ್ಪೆ ಸುಕ್ಕು. ಕಡ್ಡಿ ಬೇರೆ, ಡಬ್ಬಿ ಬೇರೆ, ದರವೂ ಬೇರೆ. ಚೀಲ ಏರಿಸಿ ಹೊರಡುವ ರೈತನಿಗೆ ಹಿಂದಿನ ರಾತ್ರಿ ಬೇಕಾದದ್ದು ಮೂರು ಸಂಗತಿ: ಆವಕ ಎಷ್ಟು ಚೀಲ, ಕಡ್ಡಿಗೆ ಎಷ್ಟು, ಡಬ್ಬಿಗೆ ಎಷ್ಟು. ಅದೂ ಬರೀ ಮೇಲಿನ ದರ ಅಲ್ಲ. ಹತ್ತಾರು ಸಾವಿರಕ್ಕೆ ಹೋದ ಒಂದೇ ಲಾಟಿನ ಸುದ್ದಿ ಎಲ್ಲರ ವಾಟ್ಸಾಪಿಗೆ ಬರುತ್ತದೆ, ಹೆಚ್ಚಿನ ಚೀಲಗಳು ಎಷ್ಟಕ್ಕೆ ಹೋದವು ಅನ್ನುವುದು ಬರುವುದಿಲ್ಲ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಇದೇ ಮಾರುಕಟ್ಟೆಯಲ್ಲಿ ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದಕ್ಕೆ ವೆಬ್‌ಸೈಟ್ ಕಾರಣ ಅಂತ ನಾನು ಹೇಳುತ್ತಿಲ್ಲ. ಮೇಲಿನ, ಕೆಳಗಿನ, ಸಾಮಾನ್ಯ ದರ ಮೂರನ್ನೂ ನೆತ್ತಿಯ ಮೇಲೆ ಬರೆಯುವ ಪುಟ ರೈತನನ್ನು ಮನೆಯಲ್ಲೇ ಲೆಕ್ಕ ಹಾಕಲು ಬಿಡುತ್ತದೆ ಅನ್ನುವುದಷ್ಟೇ ಮಾತು.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ಯಾರೂ ಕೇಳದೆಯೂ ತಮ್ಮ ಮಾಹಿತಿ ಪ್ರಕಟಿಸಬೇಕು, ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ಊರಿನ ಕಚೇರಿಯ ಪುಟ ಒಮ್ಮೆ ತೆರೆದು ನೋಡಿ, ನೀವು ಹುಡುಕುವ ವಿಷಯ ಎಷ್ಟನೇ ಸಾಲಿನಲ್ಲಿದೆ ಅಂತ. ಪುಟದಲ್ಲೇ ಇಲ್ಲದಿದ್ದರೆ ಅರ್ಜಿ ಹಾಕಿ ಕೇಳಬಹುದು, ಶುಲ್ಕ 10 ರೂಪಾಯಿ.