ಮಾತು ಊರು ದಾಟಬೇಕಾದರೆ

ಸುವರ್ಣ ಮಹೋತ್ಸವ ಸಮಿತಿಯ ಸಭೆಯಲ್ಲಿ ಊರಿನ ಹಿರಿಯರೊಬ್ಬರು ಕೇಳಿದರು: "ಸ್ಮರಣ ಸಂಚಿಕೆಗೆ ಇಷ್ಟೊಂದು ಖರ್ಚು ಯಾಕೆ ಮೇಷ್ಟ್ರೇ? ಯಾರು ಓದ್ತಾರೆ? ಆ ದುಡ್ಡಿಗೆ ಮಕ್ಕಳಿಗೆ ಡೆಸ್ಕ್ ಆದರೂ ಬರ್ತಾವೆ." ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ನಾನು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಹುಡುಕಿದೆ.

ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗೇಶ್ವರರು 701 ವಚನಗಳನ್ನು ರಚಿಸಿದವರು. ಅವರ ಶಿಷ್ಯ ಪರಂಪರೆಯವರು 12ನೆಯ ಶತಮಾನದ ಶರಣರ ವಚನಗಳನ್ನು ಹುಡುಕಿ, ಜೋಡಿಸಿ, ಓಲೆಗರಿಗಳಲ್ಲಿ ಪ್ರತಿ ಮಾಡಿದರು. ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು ಆ ವಚನಗಳನ್ನೇ ಸಂವಾದವಾಗಿ ಹೆಣೆದು ಶೂನ್ಯಸಂಪಾದನೆಯೊಂದನ್ನು ಸಿದ್ಧಪಡಿಸಿದರು. ಅಚ್ಚಿನ ಯಂತ್ರವಿಲ್ಲದ ಕಾಲದ ಪ್ರಕಟಣೆ ಇದು. ಒಂದು ಮನೆಯ ಕಟ್ಟು ಗೆದ್ದಲಿಗೆ ಹೋದರೂ ಇನ್ನೊಂದು ಮಠದ ಕಟ್ಟು ಉಳಿಯುತ್ತಿತ್ತು. ಹಾಗೆ ಉಳಿದ ಕಟ್ಟುಗಳನ್ನು ಸಂಗ್ರಹಿಸಿಯೇ ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚಿಗೆ ತಂದರು. ಮಠಗಳ ಪೆಟ್ಟಿಗೆಯಲ್ಲಿದ್ದ ಮಾತು ಆಗ ನಾಡಿನ ಮಾತಾಯಿತು.

ಗುಬ್ಬಿಯದು ಬೇರೆ ದಾರಿ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿಗೇ ಹೆಸರಾಗುವಂತೆ ಬೆಳೆಸಿದರು. ಕಂಪನಿ ನಾಟಕಗಳ ಕಾಲದಲ್ಲಿ ಕ್ಯಾಂಪು ಬಿದ್ದ ಊರಿನ ಸುತ್ತಮುತ್ತ ಕರಪತ್ರ ಹಂಚುತ್ತಿದ್ದರು. ಯಾವ ನಾಟಕ, ಯಾರ ಪಾತ್ರ, ಎಷ್ಟು ದರ ಎಂಬುದೆಲ್ಲ ಅದರಲ್ಲಿರುತ್ತಿತ್ತು. ನಾಟಕದ ಹಾಡುಗಳ ಚಿಕ್ಕ ಪುಸ್ತಕಗಳೂ ಮಾರಾಟವಾಗುತ್ತಿದ್ದವು. ನಾಟಕ ಒಂದು ರಾತ್ರಿಗೆ ಮುಗಿಯುತ್ತಿತ್ತು. ಪುಸ್ತಕ ಕೊಂಡವನ ಮನೆಯಲ್ಲಿ ಹಾಡು ವರ್ಷವಿಡೀ ಇರುತ್ತಿತ್ತು.

ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಇದೇ ಕೆಲಸವನ್ನು ವಿದ್ಯೆಯ ವಿಷಯದಲ್ಲಿ ಮಾಡಿತು. 1930ರ ದಶಕದಲ್ಲಿ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡತೊಡಗಿದರು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಸಣ್ಣ ಪುಸ್ತಕಗಳಾಗಿ ಪ್ರಚಾರೋಪನ್ಯಾಸ ಮಾಲೆಯಲ್ಲಿ ಬಂದವು. ಕಾಲೇಜಿನ ಮೆಟ್ಟಿಲು ಹತ್ತದವರಿಗೂ ವಿಜ್ಞಾನ, ಆರೋಗ್ಯ, ಸಾಹಿತ್ಯದ ತಿಳಿವಳಿಕೆ ಕೈಗೆ ಸಿಕ್ಕಿತು.

ಈ ಮೂರರಲ್ಲೂ ಸಮಾನವಾದ ಸಂಗತಿಗಳಿವೆ. ಹೇಳಿದ್ದು ಜನರ ಭಾಷೆಯಲ್ಲಿ. ಒಂದೇ ಪ್ರತಿಯನ್ನು ನಂಬಿ ಯಾರೂ ಕೂರಲಿಲ್ಲ. ಓದುಗ ಬರಲಿ ಎಂದು ಕಾಯದೆ ಅವನಿದ್ದಲ್ಲಿಗೇ ಹೋದರು.

ನಾವು ತಪ್ಪಿದ್ದು ಇಲ್ಲಿಯೇ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆ ಸಂಪಾದಕನಾಗಿದ್ದೆ. ಶಾಲೆಯ ಮೊದಲ ಎರಡು ಕೊಠಡಿಗಳಿಗೆ ಕಲ್ಲು ಹೊತ್ತವರು, ಗಾಡಿ ಕಟ್ಟಿದವರು, ರಾಗಿ ಕೊಟ್ಟವರು ಯಾರು ಯಾರೆಂದು ಮನೆಮನೆಗೆ ಹೋಗಿ ಕೇಳಿ ಅದರಲ್ಲಿ ಬರೆದಿದ್ದೆ. ಇದ್ದದ್ದು ಒಂದೇ ಪ್ರತಿ. ಕೊಠಡಿ ರಿಪೇರಿಯಾದ ವರ್ಷ ಅದು ಕಾಣೆಯಾಯಿತು. ಇನ್ನೊಂದು ಪ್ರತಿ ಮಾಡಿಡುವ ಬುದ್ಧಿ ಆಗ ನನಗೆ ಬರಲಿಲ್ಲ. ಈ ಸಂಚಿಕೆಗಾಗಿ ಮತ್ತೆ ವಿಚಾರಿಸಿದಾಗ ನಾಲ್ಕೇ ಹೆಸರು ಸಿಕ್ಕವು. ಉಳಿದವರು ಹೋಗಿಬಿಟ್ಟಿದ್ದಾರೆ, ಅವರ ಮೊಮ್ಮಕ್ಕಳಿಗೂ ಗೊತ್ತಿಲ್ಲ.

ಆ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ಡೆಸ್ಕೂ ಬೇಕು, ಪುಸ್ತಕವೂ ಬೇಕು. ಆದರೆ ಸಂಚಿಕೆ ವೇದಿಕೆಯ ಅತಿಥಿಗಳ ಕೈಯಲ್ಲೇ ನಿಂತರೆ ದುಡ್ಡು ದಂಡವಾದಂತೆಯೇ ಸರಿ. ಒಂದೊಂದು ಪ್ರತಿ ನಮ್ಮ ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ, ಗುಬ್ಬಿ, ಕುಣಿಗಲ್, ತುಮಕೂರಿನ ಗ್ರಂಥಾಲಯಗಳಿಗೆ ಹೋಗಲಿ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಎರಡು ಪ್ರತಿ ಕೊಂಡು ಒಂದನ್ನು ಊರಿಗೆ ಬಿಡಲಿ. ಓದು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳಲಿ. ಕೇಳುತ್ತಾ ಕೇಳುತ್ತಾ ಅಜ್ಜಿಗೆ ಐದನೆಯ ಹೆಸರು ನೆನಪಾದರೆ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದು ಶಾಲೆಗೆ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನು ಅಚ್ಚು ಹಾಕಿಸೋಣ.