ಸೊನ್ನೆಗಿಂತ ತಣ್ಣನೆಯ ಕಂಪ್ಯೂಟರ್: ಬಳ್ಳಾರಿ ಬಿಸಿಲಲ್ಲಿ ಯಾವ ಕೂಲೆಂಟ್ ಸರಿ?

ಐಸ್ ಫ್ಯಾಕ್ಟರಿ ಒಳಗೆ ಒಮ್ಮೆ ಇಣುಕಿದವರಿಗೆ ಇದು ಗೊತ್ತಿರುತ್ತೆ. ನೀರು ತುಂಬಿದ ಕ್ಯಾನ್‌ಗಳು ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿರುತ್ತವೆ. ಕ್ಯಾನಿನೊಳಗಿನ ನೀರು ಗಡ್ಡೆ ಕಟ್ಟುತ್ತೆ. ಸುತ್ತಲಿನ ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೂ ಹರಿಯುತ್ತಲೇ ಇರುತ್ತೆ. ಪ್ರೊಸೆಸರನ್ನು ಸೊನ್ನೆಗಿಂತ ಕೆಳಗಿಟ್ಟು ಓವರ್‌ಕ್ಲಾಕ್ ಮಾಡುವವರಿಗೆ ಬೇಕಾದದ್ದೂ ಇದೇ: ಹೆಪ್ಪುಗಟ್ಟದ ದ್ರವ. ಆದರೆ ಕಂಪ್ಯೂಟರ್ ಲೂಪಿಗೆ ಉಪ್ಪುನೀರು ಹಾಕುವಂತಿಲ್ಲ. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಅದು ತಿಂದುಹಾಕುತ್ತೆ.

ನಿಜಕ್ಕೂ ಬೇಕಾ?

ರೇಡಿಯೇಟರ್ ಮತ್ತು ಫ್ಯಾನ್ ಎಷ್ಟೇ ದೊಡ್ಡದಿರಲಿ, ದ್ರವವನ್ನು ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರವು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಏಪ್ರಿಲ್-ಮೇ ಬಂದರೆ ಹೊರಗೆ 40 ಡಿಗ್ರಿ ದಾಟುತ್ತೆ. ಸೊನ್ನೆಗಿಂತ ಕೆಳಗೆ ಹೋಗಬೇಕಾದರೆ ಕಂಪ್ರೆಸರ್ ಇರುವ ಚಿಲ್ಲರ್ ಬೇಕೇ ಬೇಕು. ಗೇಮಿಂಗ್, ವಿಡಿಯೋ ಎಡಿಟಿಂಗ್‌ಗೆ ಮಾತ್ರ ಬಳಸುವವರಿಗೆ ಡಿಸ್ಟಿಲ್ಡ್ ವಾಟರ್ ಆಧಾರಿತ ಸಾಮಾನ್ಯ ಲೂಪ್ ಸಾಕು. ಚಿಲ್ಲರ್ ಕಟ್ಟಿಯೇ ತೀರ್ತೀನಿ ಅನ್ನುವವರು ಮುಂದೆ ಓದಿ.

ಮೂರು ಆಯ್ಕೆಗಳು

ಎಥಿಲೀನ್ ಗ್ಲೈಕಾಲ್: ಕಾರಿನ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವುದು ಇದೇ. ನೀರಿಗೆ ಗಾತ್ರದ ಲೆಕ್ಕದಲ್ಲಿ 30% ಬೆರೆಸಿದರೆ ಸುಮಾರು -15 ಡಿಗ್ರಿ, 40% ಬೆರೆಸಿದರೆ -24, 50% ಬೆರೆಸಿದರೆ -37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಹಾಗಂತ ಪೂರ್ತಿ ಗ್ಲೈಕಾಲನ್ನೇ ಸುರಿಯಬೇಡಿ. ನೀರೇ ಇಲ್ಲದ ಗ್ಲೈಕಾಲ್ -13 ಡಿಗ್ರಿಗೇ ಗಟ್ಟಿಯಾಗುತ್ತೆ. ಶಾಖ ಹೊರುವ ಶಕ್ತಿ ನೀರಿಗೇ ಹೆಚ್ಚು, ಹಾಗಾಗಿ ಅಗತ್ಯಕ್ಕಿಂತ ಹೆಚ್ಚು ಗ್ಲೈಕಾಲ್ ಬೆರೆಸಿದರೆ ನಷ್ಟ ನಿಮಗೇ.

ಪ್ರೊಪಿಲೀನ್ ಗ್ಲೈಕಾಲ್: 40%ಗೆ ಸುಮಾರು -21, 50%ಗೆ -33 ಡಿಗ್ರಿ. ವಿಷದ ಅಪಾಯ ತೀರಾ ಕಡಿಮೆ. ಆದರೆ ತಣ್ಣಗಾದಂತೆ ಬೇಗ ಮಂದವಾಗುತ್ತೆ, ಪಂಪಿಗೆ ಹೊರೆ ಜಾಸ್ತಿ. -20ರಿಂದ ಕೆಳಗೆ ಸಣ್ಣ ಪಂಪ್ ಏದುಸಿರು ಬಿಡುತ್ತೆ.

ಆಲ್ಕೋಹಾಲ್: ಎಥನಾಲ್, ಮೆಥನಾಲ್ ಎರಡೂ ತೆಳು, ತಂಪಿನಲ್ಲೂ ಸಲೀಸಾಗಿ ಹರಿಯುತ್ತವೆ. ಆದರೆ 40% ಎಥನಾಲ್ ಮಿಶ್ರಣದ ಆವಿ ಸುಮಾರು 26 ಡಿಗ್ರಿಯಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳಬಲ್ಲದು. ನಮ್ಮೂರ ಬೇಸಿಗೆಯಲ್ಲಿ ಕೋಣೆ ರಾತ್ರಿಯೂ ಅದಕ್ಕಿಂತ ಬೆಚ್ಚಗಿರುತ್ತೆ. ಅಕ್ರಿಲಿಕ್ ಬ್ಲಾಕ್, ಟ್ಯೂಬುಗಳಲ್ಲಿ ಬಿರುಕು ಬೇರೆ. ಮೆಥನಾಲ್ ಅಂದರೆ ಕಳ್ಳಬಟ್ಟಿ ಸಾವುಗಳ ಹಿಂದಿನ ವಿಷ. ಕಾನೂನೂ ಇದೆ: ಕೈಗಾರಿಕಾ ಆಲ್ಕೋಹಾಲನ್ನು ನಿಯಂತ್ರಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 8:1 ಬಹುಮತದಲ್ಲಿ ಹೇಳಿತು. ಭಿನ್ನಮತ ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಮನೆಯ ಲೂಪಿಗೆ ಈ ಆಯ್ಕೆ ಬೇಡವೇ ಬೇಡ.

ಲೆಕ್ಕ ಹೀಗೆ

ಲೂಪಿನ ಸರಾಸರಿ ಉಷ್ಣಾಂಶ ನೋಡಬೇಡಿ. ಅತಿ ತಣ್ಣಗಿರುವ ಜಾಗ ಚಿಲ್ಲರಿನ ಒಳಗಿರುತ್ತೆ, ಮೊದಲು ಹೆಪ್ಪುಗಟ್ಟುವುದೂ ಅಲ್ಲೇ. ಅಲ್ಲಿನ ಉಷ್ಣಾಂಶಕ್ಕಿಂತ ಇನ್ನೂ 10 ಡಿಗ್ರಿ ಕೆಳಗೆ ತಡೆಯುವ ಮಿಶ್ರಣ ಆರಿಸಿ. ಅಲ್ಲಿ -10 ಇದ್ದರೆ 40% ಪ್ರೊಪಿಲೀನ್ ಗ್ಲೈಕಾಲ್ ಸಾಕು. ಅಂದರೆ 5 ಲೀಟರ್ ಲೂಪಿಗೆ 2 ಲೀಟರ್ ಗ್ಲೈಕಾಲ್, 3 ಲೀಟರ್ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಬೇಡ, ಒಳಗೆ ಬಿಳಿ ಗಸಿ ಕಟ್ಟುತ್ತೆ. ತುಕ್ಕು ತಡೆಯುವ ರಾಸಾಯನಿಕ ಸೇರಿಸಿದ ಗ್ಲೈಕಾಲನ್ನೇ ಕೊಳ್ಳಿ. ತಾಮ್ರ ಮತ್ತು ಅಲ್ಯೂಮಿನಿಯಂ ಭಾಗಗಳನ್ನು ಒಂದೇ ಲೂಪಿನಲ್ಲಿ ಸೇರಿಸಬೇಡಿ. ಕಾರಿನ ಕೂಲೆಂಟ್ ತಂದರೆ ಅದು ಮೊದಲೇ ನೀರು ಬೆರೆಸಿದ್ದೋ, ಬೆರೆಸಬೇಕಾದದ್ದೋ ಅಂತ ಲೇಬಲ್ ಓದಿ.

ಬೆವರುವ ಬೋರ್ಡ್

ಮಿಶ್ರಣ ಸರಿಯಿದ್ದರೂ ಬೋರ್ಡ್ ಸುಡಬಹುದು. ಕಾರಣ, ತಣ್ಣನೆಯ ಮೈ ಮೇಲೆ ಕೂರುವ ಗಾಳಿಯ ತೇವ. 40 ಡಿಗ್ರಿ ಬಿಸಿಲು, 20% ತೇವಾಂಶ ಇರುವ ಒಣ ದಿನದಲ್ಲೂ 13 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೆ ಹನಿ ಕೂರುತ್ತೆ. ಮಳೆಗಾಲದಲ್ಲಿ 28 ಡಿಗ್ರಿ, 75% ತೇವಾಂಶವಿದ್ದರೆ 23 ಡಿಗ್ರಿಗೇ ಹನಿ ಶುರು. ಭತ್ತದ ಗದ್ದೆಗಳ ನಡುವಿನ ಸಿರುಗುಪ್ಪ ಕಡೆಯವರು ಇದನ್ನು ಹಗುರವಾಗಿ ತಗೋಬೇಡಿ. ಕರೆಂಟ್ ಹೋದಾಗ ಅಪಾಯ ಇನ್ನೂ ಹೆಚ್ಚು: ಕಟ್ಟಿದ ಹಿಮ ಕರಗಿ ಬೋರ್ಡ್ ಮೇಲೆ ಇಳಿಯುತ್ತೆ. ಸಾಕೆಟ್ ಸುತ್ತ, ಬೋರ್ಡಿನ ಹಿಂಬದಿ, ಟ್ಯೂಬುಗಳಿಗೆ ಗಾಳಿ ನುಸುಳದ ಫೋಮ್ ಹೊದಿಕೆ ಹಾಕಿ. ಕರೆಂಟ್ ಬಂದ ತಕ್ಷಣ ಸ್ವಿಚ್ ಒತ್ತಬೇಡಿ, ಪೂರ್ತಿ ಒಣಗಲಿ.

ಹಳೆಯ ಕೂಲೆಂಟ್ ಎಲ್ಲಿ ಚೆಲ್ಲುತ್ತೀರಿ?

ಇದನ್ನು ಯಾರೂ ಕೇಳುವುದಿಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ. ಸುಮಾರು 100 ಮಿ.ಲೀ. ಕುಡಿದರೆ ದೊಡ್ಡವರ ಜೀವಕ್ಕೇ ಕುತ್ತು, ಮೂತ್ರಪಿಂಡ ಕೆಡುತ್ತೆ. ಇದರ ಹತ್ತಿರದ ಸಂಬಂಧಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು 2025ರಲ್ಲಿ ಮಧ್ಯಪ್ರದೇಶದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಸತ್ತದ್ದು ನೆನಪಿರಲಿ. ಬೀದಿಯ ಚರಂಡಿಗೆ ಸುರಿದರೆ ಮೊದಲು ನೆಕ್ಕುವುದು ನಾಯಿ, ಕರು. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಟ್ಟರೆ ಮಗು. ಬೇರೆ ಕ್ಯಾನಿನಲ್ಲಿ ಮುಚ್ಚಿ, ಮೇಲೆ ಕನ್ನಡದಲ್ಲಿ 'ವಿಷ' ಅಂತ ಬರೆಯಿರಿ. ಹಳೆ ಕೂಲೆಂಟ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಯಾರಾದರೂ ಕುಡಿದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ಹಾಗಾಗಿ -10 ಡಿಗ್ರಿವರೆಗಿನ ಮನೆಯ ಲೂಪಿಗೆ ಪ್ರೊಪಿಲೀನ್ ಗ್ಲೈಕಾಲೇ ಸರಿ. ನಾಲ್ಕು ಡಿಗ್ರಿ ಹೆಚ್ಚು ತಂಪಿಗಾಗಿ ಓಣಿಗೆ ವಿಷ ತರುವುದು ಬೇಡ.