ವೆನಿಲ್ಲಾ ಬಳ್ಳಿ ಮತ್ತು ಎಡ್ಮಂಡನ ಬೆರಳು

ಸಾಂಬಾರ ಪದಾರ್ಥಗಳ ಚರಿತ್ರೆ ಎಂದೊಡನೆ ನಮ್ಮ ಪಠ್ಯಪುಸ್ತಕಗಳಲ್ಲಿ ವಾಸ್ಕೋ ಡ ಗಾಮ, ಕಲ್ಲಿಕೋಟೆ, ಪೋರ್ಚುಗೀಸರು, ಡಚ್ಚರು ಎಂಬ ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತವೆ. ಕೊಂಡವರ ಹೆಸರು, ಮಾರಿದವರ ಹೆಸರು, ಕಾದಾಡಿದವರ ಹೆಸರು ಎಲ್ಲವೂ ಅಲ್ಲಿರುತ್ತವೆ. ಬೆಳೆದವರ ಹೆಸರು ಮಾತ್ರ ಇರುವುದಿಲ್ಲ. ಈ ಮಾತಿಗೆ ಅಪರೂಪದ ಅಪವಾದವೊಂದಿದೆ. ಒಂದು ಬಳ್ಳಿಯ ಬೇಸಾಯದ ಕೀಲಿಕೈ ಯಾರ ಕೈಯಲ್ಲಿ ಸಿಕ್ಕಿತು, ಯಾವ ವರ್ಷ ಸಿಕ್ಕಿತು, ಆಗ ಅವನ ವಯಸ್ಸೆಷ್ಟು ಎಂಬುದೆಲ್ಲ ದಾಖಲೆಯಾಗಿ ಉಳಿದಿದೆ. ಆ ಬಳ್ಳಿ ವೆನಿಲ್ಲಾ. ಅವನು ಹನ್ನೆರಡು ವರ್ಷದ ಒಬ್ಬ ಗುಲಾಮ ಬಾಲಕ.

ವೆನಿಲ್ಲಾ ನಮ್ಮ ಮಲೆನಾಡಿನ ಮರಗಳ ಮೇಲೆ ಅರಳುವ ಸೀತಾಳೆ ಹೂವಿನ ಬಂಧು. ಆರ್ಕಿಡ್ ಕುಲದ ಸಾವಿರಾರು ಸಸ್ಯಗಳಲ್ಲಿ ತಿನ್ನುವ ಪದಾರ್ಥಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವುದು ಬಹುಮಟ್ಟಿಗೆ ಇದೊಂದನ್ನೇ. ಇದರ ತೌರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ತೇವಭರಿತ ಕಾಡುಗಳು. ಮೆಕ್ಸಿಕೊದ ಪೂರ್ವ ಕರಾವಳಿಯ ಟೊಟೊನಾಕ್ ಜನ ಇದನ್ನು ಬಹಳ ಹಿಂದಿನಿಂದ ಬಲ್ಲವರು. ಅವರನ್ನು ಗೆದ್ದ ಆಜ್ಟೆಕ್ ಅರಸರು ಇದರ ಕೋಡುಗಳನ್ನು ಕಪ್ಪವಾಗಿ ಪಡೆದು ತಮ್ಮ ಕೋಕೋ ಪಾನೀಯಕ್ಕೆ ಪರಿಮಳವಾಗಿ ಬೆರೆಸುತ್ತಿದ್ದರು. 1521ರಲ್ಲಿ ಆಜ್ಟೆಕ್ ರಾಜಧಾನಿ ಸ್ಪೇನಿನವರ ವಶವಾಯಿತು. ಚಿನ್ನ ಬೆಳ್ಳಿಗಳ ಜೊತೆಗೆ ಈ ಪರಿಮಳವೂ ಯುರೋಪಿನ ದಾರಿ ಹಿಡಿಯಿತು. ವೆನಿಲ್ಲಾ ಎಂಬ ಹೆಸರು ಹುಟ್ಟಿದ್ದೇ ‘ಪುಟ್ಟ ಕೋಡು’ ಎಂಬರ್ಥದ ಸ್ಪ್ಯಾನಿಷ್ ಶಬ್ದದಿಂದ.

ಬಳ್ಳಿಯನ್ನು ಹಡಗಿನಲ್ಲಿ ಒಯ್ಯುವುದು ಕಷ್ಟವಾಗಲಿಲ್ಲ. ಯುರೋಪಿನ ಗಾಜಿನ ಮನೆಗಳಲ್ಲಿಯೂ ಉಷ್ಣವಲಯದ ವಸಾಹತುಗಳಲ್ಲಿಯೂ ಅದು ಹುಲುಸಾಗಿ ಬೆಳೆಯಿತು. ಅಲ್ಲಲ್ಲಿ ಹೂವನ್ನೂ ಬಿಟ್ಟಿತು. ಆದರೆ ಕಾಯಿ ಕಟ್ಟಲಿಲ್ಲ. ಹೀಗಾಗಿ ಸುಮಾರು ಮೂರು ಶತಮಾನಗಳ ಕಾಲ ಯಾವ ಕಾವಲೂ ಇಲ್ಲದೆ, ಯಾವ ಕಾನೂನೂ ಇಲ್ಲದೆ, ವೆನಿಲ್ಲಾ ಮೆಕ್ಸಿಕೊದ ಸ್ವತ್ತಾಗಿಯೇ ಉಳಿಯಿತು.

ಕಾರಣ ಹೂವಿನ ರಚನೆಯಲ್ಲಿದೆ. ಗಂಡು ಭಾಗವೂ ಹೆಣ್ಣು ಭಾಗವೂ ಒಂದೇ ಹೂವಿನಲ್ಲಿ, ಒಂದೇ ಕಂಬದ ಮೇಲೆ, ಕೂದಲೆಳೆಯ ಅಂತರದಲ್ಲಿವೆ. ಆದರೆ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ತುಟಿಯಂಥ ತೆಳುವಾದ ಪೊರೆಯೊಂದು ಅಡ್ಡವಾಗಿ ನಿಂತಿದೆ. ಅದನ್ನು ಸರಿಸುವವರಿಲ್ಲದೆ ಎರಡೂ ಕೂಡವು. ತೌರಿನಲ್ಲಿ ಆ ಕೆಲಸವನ್ನು ಮಾಡುವುದು ಒಂದು ಬಗೆಯ ಕಾಡುಜೇನು. ಅದು ಮೆಲಿಪೋನಾ ಎಂಬ ಮುಳ್ಳಿಲ್ಲದ ಜೇನು ಎಂದು ಬಹುಕಾಲ ಹೇಳುತ್ತಿದ್ದರು. ಆರ್ಕಿಡ್ ಹೂಗಳನ್ನರಸುವ ಯೂಗ್ಲಾಸಾ ಗುಂಪಿನ ಜೇನು ಇರಬೇಕೆಂಬುದು ಈಚಿನ ವಿದ್ವಾಂಸರ ಅಭಿಪ್ರಾಯ. ಯಾವುದೇ ಇರಲಿ, ಬಳ್ಳಿ ಹಡಗು ಹತ್ತಿತು, ಜೇನು ಹತ್ತಲಿಲ್ಲ. ಸಾಲದ್ದಕ್ಕೆ ಹೂವು ಬೆಳಗ್ಗೆ ಅರಳಿ ಅಂದೇ ಬಾಡುತ್ತದೆ. ಇರುವ ಅವಕಾಶ ಕೆಲವೇ ಗಂಟೆಗಳದು.

1836ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ನಗರದ ಸಸ್ಯವಿಜ್ಞಾನಿ ಚಾರ್ಲ್ಸ್ ಮೊರೆನ್ ಈ ಒಗಟನ್ನು ಬಿಡಿಸಿ ಗಾಜಿನ ಮನೆಯಲ್ಲಿ ಕೋಡು ಪಡೆದದ್ದುಂಟು. ಆದರೆ ಅವನ ವಿಧಾನ ಪ್ರಯೋಗಶಾಲೆಯದು, ಸಾವಿರಾರು ಹೂಗಳಿಗೆ ಅನ್ವಯಿಸುವಂಥದ್ದಾಗಿರಲಿಲ್ಲ. ತೋಟಕ್ಕೆ ಬೇಕಾದ ಉತ್ತರ ದೊರೆತದ್ದು ಹಿಂದೂ ಮಹಾಸಾಗರದ ಒಂದು ದ್ವೀಪದಲ್ಲಿ.

ಮಡಗಾಸ್ಕರಿನ ಪೂರ್ವಕ್ಕಿರುವ ರಿಯೂನಿಯನ್ ದ್ವೀಪವನ್ನು ಆಗ ಬೂರ್ಬೋನ್ ಎಂದು ಕರೆಯುತ್ತಿದ್ದರು. ಅದು ಫ್ರೆಂಚರ ವಸಾಹತು. ದುಡಿಯುವವರು ಆಫ್ರಿಕ, ಮಡಗಾಸ್ಕರುಗಳಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. 1820ರ ಆಸುಪಾಸಿನಲ್ಲಿ ಅಲ್ಲಿಗೆ ವೆನಿಲ್ಲಾ ಬಂದಿತು. ಸೇಂಟ್ ಸುಝಾನ್ ಎಂಬ ಊರಿನ ಫೆರಿಯೋಲ್ ಬೆಲಿಯೆ-ಬೋಮೋನ್ ಎಂಬ ತೋಟಗಾರನಲ್ಲಿ ಒಂದು ಬಳ್ಳಿ ಕಾಯಿಯಿಲ್ಲದೆಯೇ ವರ್ಷಗಳನ್ನು ಕಳೆದಿತ್ತು. ಅದೇ ಊರಿನಲ್ಲಿ 1829ರಲ್ಲಿ ಹುಟ್ಟಿದವನು ಎಡ್ಮಂಡ್. ತಾಯಿ ಹೆರಿಗೆಯಲ್ಲಿಯೇ ತೀರಿಕೊಂಡಿದ್ದಳು. ಗುಲಾಮನಾದ ಕಾರಣ ಮನೆತನದ ಹೆಸರೂ ಇರಲಿಲ್ಲ. ಗಿಡಮರಗಳ ಹುಚ್ಚಿದ್ದ ಯಜಮಾನ ಹುಡುಗನನ್ನು ತೋಟದಲ್ಲಿ ಜೊತೆಗೆ ತಿರುಗಾಡಿಸುತ್ತಿದ್ದ. ಕುಂಬಳದ ಜಾತಿಯ ಬಳ್ಳಿಯಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ತಾಗಿಸಿ ಕಾಯಿ ಕಟ್ಟಿಸುವುದನ್ನು ತೋರಿಸಿಕೊಟ್ಟಿದ್ದ. ಅಷ್ಟೇ ಅವನಿಗೆ ದೊರೆತ ಪಾಠ.

1841ರ ಒಂದು ದಿನ ಬೆಲಿಯೆ-ಬೋಮೋನ್ ತನ್ನ ಬಳ್ಳಿಯಲ್ಲಿ ಎರಡು ಕೋಡುಗಳನ್ನು ಕಂಡು ಬೆರಗಾದ. ಇದು ತನ್ನ ಕೆಲಸ ಎಂದ ಎಡ್ಮಂಡ್. ಯಜಮಾನ ನಂಬಲಿಲ್ಲ. ಹುಡುಗ ಇನ್ನೊಂದು ಹೂವಿನಲ್ಲಿ ಮಾಡಿ ತೋರಿಸಿದ. ಹೂವಿನ ಎಸಳನ್ನು ಸರಿಸಿ, ಚೂಪಾದ ಪುಟ್ಟ ಕಡ್ಡಿಯಿಂದ ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒಳಗೊತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಕ್ಕಪಕ್ಕದ ತೋಟಗಾರರು ಹೇಳಿಕಳುಹಿಸಿದರು. ಎಡ್ಮಂಡನನ್ನು ತೋಟದಿಂದ ತೋಟಕ್ಕೆ ಕರೆದೊಯ್ದು ಇತರ ಗುಲಾಮರಿಗೆ ಕಲಿಸಲು ಹಚ್ಚಿದರು. ಇಂದಿಗೂ ಫ್ರೆಂಚ್ ಭಾಷೆಯಲ್ಲಿ ಈ ಕ್ರಿಯೆಗೆ ‘ಎಡ್ಮಂಡನ ಕೈಚಳಕ’ ಎಂಬರ್ಥದ ಹೆಸರಿದೆ.

ಆ ಕೈಚಳಕದಿಂದ ದ್ವೀಪ ಶ್ರೀಮಂತವಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ರಿಯೂನಿಯನ್ ಮೆಕ್ಸಿಕೊವನ್ನೇ ಹಿಂದಿಕ್ಕಿತ್ತು. ಅಲ್ಲಿಂದ ಬೇಸಾಯ ಮಡಗಾಸ್ಕರಿಗೆ ಹಬ್ಬಿತು. ಇಂದು ಜಗತ್ತಿನ ವೆನಿಲ್ಲಾದಲ್ಲಿ ಬಹುಪಾಲು ಬರುವುದು ಅಲ್ಲಿಂದಲೇ.

‘ಕೈ ಕೆಸರಾದರೆ ಬಾಯಿ ಮೊಸರು’ ಎನ್ನುತ್ತಾರೆ ನಮ್ಮ ಹಿರಿಯರು. ಎಡ್ಮಂಡನ ವಿಷಯದಲ್ಲಿ ಕೆಸರಾದ ಕೈ ಒಬ್ಬನದು, ಮೊಸರುಂಡ ಬಾಯಿ ಬೇರೆಯವರದು. 1848ರಲ್ಲಿ ಫ್ರೆಂಚರು ಗುಲಾಮಗಿರಿಯನ್ನು ರದ್ದುಗೊಳಿಸಿದಾಗ ಅವನಿಗೆ ಬಿಡುಗಡೆಯೂ ಆಲ್ಬಿಯಸ್ ಎಂಬ ಮನೆತನದ ಹೆಸರೂ ದೊರೆತವು. ಲ್ಯಾಟಿನ್ನಿನಲ್ಲಿ ‘ಬಿಳಿ’ ಎಂಬರ್ಥದ ಶಬ್ದದಿಂದ ಅದನ್ನು ಹುಟ್ಟಿಸಿದರೆಂದು ಹೇಳುತ್ತಾರೆ. ಕಪ್ಪು ಬಣ್ಣದವನಿಗೆ ಆ ಹೆಸರು! ಆದರೆ ಭೂಮಿಯಾಗಲಿ ಹಣವಾಗಲಿ ದೊರೆಯಲಿಲ್ಲ. ಪಟ್ಟಣಕ್ಕೆ ಹೋಗಿ ಅಡುಗೆಮನೆಯಲ್ಲಿ ದುಡಿದ. ಆಭರಣ ಕಳವಿನ ಪ್ರಕರಣದಲ್ಲಿ ಸಿಕ್ಕಿ ಸೆರೆಮನೆ ಸೇರಿದ. ಅವನಿಂದ ವಸಾಹತು ಪಡೆದ ಉಪಕಾರವನ್ನು ನೆನಪಿಸಿ ಹಳೆಯ ಯಜಮಾನ ಗವರ್ನರನಿಗೆ ಮನವಿ ಸಲ್ಲಿಸಿದ ಮೇಲೆ ಅವಧಿಗೆ ಮುನ್ನ ಹೊರಬಂದ. ರಿಷಾರ್ ಎಂಬ ಹೆಸರಾಂತ ಸಸ್ಯತಜ್ಞ, ಈ ವಿಧಾನವನ್ನು ದ್ವೀಪದಲ್ಲಿ ಮೊದಲು ತೋರಿಸಿದವನು ತಾನೇ, ಹುಡುಗ ಮರೆಯಲ್ಲಿ ನಿಂತು ನೋಡಿರಬೇಕು ಎಂದು ವಾದಿಸಿದ. ಆಗಲೂ ಎಡ್ಮಂಡನ ಪರವಾಗಿ ಪತ್ರ ಬರೆದು ಸಾಕ್ಷಿ ನುಡಿದವನು ಬೆಲಿಯೆ-ಬೋಮೋನನೇ. ಅವನು ಮೌನವಾಗಿದ್ದಿದ್ದರೆ ಇಂದು ಎಡ್ಮಂಡನ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ಆದರೆ ಆ ಬಾಲಕ ಗುಲಾಮನಾಗಿದ್ದದ್ದೂ ಅದೇ ಯಜಮಾನನ ತೋಟದಲ್ಲಿ ಎಂಬುದನ್ನು ಮರೆಯಲಾಗದು. ಎಡ್ಮಂಡ್ 1880ರಲ್ಲಿ ಸೇಂಟ್ ಸುಝಾನಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಕಡುಬಡವನಾಗಿ ತೀರಿಕೊಂಡ.

ಇನ್ನು ನಮ್ಮ ನಾಡಿನ ಮಾತು. ಈ ಬಳ್ಳಿ ನಮ್ಮ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ತೋಟಗಳಲ್ಲಿ ಮನೆಮಾತಾದದ್ದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ. 2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ಸೀಮೆಯನ್ನು ಹಾಳುಗೆಡವಿತು. ಜಾಗತಿಕ ಬೆಲೆ ಏರತೊಡಗಿತು. ಅಡಿಕೆಯ ಧಾರಣೆ ಕುಸಿದು ಕಂಗಾಲಾಗಿದ್ದ ನಮ್ಮ ಕೃಷಿಕರು ಅಡಿಕೆ ಮರಗಳ ನಡುವೆ ಗ್ಲಿರಿಸಿಡಿಯಾ ಗೂಟ ನೆಟ್ಟು ಬಳ್ಳಿ ಹಬ್ಬಿಸಿದರು. 2003-04ರ ವೇಳೆಗೆ ಒಂದು ಕಿಲೋ ಹಸಿ ಕೋಡಿನ ಬೆಲೆ ಮೂರು ಸಾವಿರ ರೂಪಾಯಿಯನ್ನೂ ದಾಟಿತು. ರಾತ್ರಿ ತೋಟ ಕಾಯಲು ಜನ ಲಾಟೀನು, ನಾಯಿಗಳೊಡನೆ ಕುಳಿತರು.

ಈ ಬಳ್ಳಿಯ ಆರೈಕೆ ಸಾಮಾನ್ಯವಲ್ಲ. ಅರ್ಧ ನೆರಳು, ಅರ್ಧ ಬಿಸಿಲು ಬೇಕು. ಬುಡದಲ್ಲಿ ದರಗಿನ ಮುಚ್ಚಿಗೆ ಸದಾ ಇರಬೇಕು. ಬೇರು ಮೇಲುಮೇಲಕ್ಕೇ ಹರಡುವುದರಿಂದ ಬುಡ ಕೆದಕಕೂಡದು. ನೀರು ನಿಂತರೆ ಬೇರು ಕೊಳೆಯುತ್ತದೆ. ಕೈಗೆಟಕುವ ಎತ್ತರಕ್ಕೆ ಬಂದ ಬಳ್ಳಿಯನ್ನು ಕವಲಿನ ಮೇಲಿಂದ ಬಳಸಿ ಕೆಳಗಿಳಿಬಿಡಬೇಕು. ಹೀಗೆ ಜೋತುಬಿದ್ದ ಭಾಗದಲ್ಲಿಯೇ ಹೂಗೊಂಚಲು ಹೆಚ್ಚು. ನೆಟ್ಟ ಮೂರನೆಯ ವರ್ಷದಿಂದ ಹೂ. ಒಂದು ಗೊಂಚಲಿನಲ್ಲಿ ಎಂಟು ಹತ್ತು ಹೂಗಳಿಗಷ್ಟೇ ಪರಾಗಸ್ಪರ್ಶ ಮಾಡಬೇಕು, ಹೆಚ್ಚಾದರೆ ಬಳ್ಳಿ ಸೊರಗುತ್ತದೆ. ಕೋಡು ಬಲಿಯಲು ಒಂಬತ್ತು ತಿಂಗಳು, ಮನುಷ್ಯ ಶಿಶುವಿನ ಲೆಕ್ಕ. ಹಸಿ ಕೋಡಿಗೆ ಪರಿಮಳವೇ ಇಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನದಿನವೂ ಬಿಸಿಲು ತೋರಿಸಿ, ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಹದಗೊಳಿಸಿದ ಮೇಲೆ ಆರು ಕಿಲೋ ಹಸಿ ಕೋಡು ಒಂದು ಕಿಲೋ ಕಪ್ಪು ಕೋಡಾಗುತ್ತದೆ.

ಆ ವರ್ಷಗಳಲ್ಲಿ ನಾನಿನ್ನೂ ಸೇವೆಯಲ್ಲಿದ್ದೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಮೊದಲನೆಯ ತಾಸಿಗೆ ಕೆಲವು ಮಕ್ಕಳು ತಡವಾಗಿ ಬರುತ್ತಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ವಿಚಾರಿಸಿದಾಗ, “ಹೂ ಮುಟ್ಟಿಸಿ ಬಂದೆ ಸಾರ್, ಇವತ್ತು ಇನ್ನೂರು ಆಯ್ತು” ಎಂದು ಹೆಮ್ಮೆಯಿಂದ ನುಡಿದಳು. ಅವಳಿಗೆ ಹನ್ನೆರಡು ವರ್ಷ. ಎಳೆಯ ಬೆರಳು ನಾಜೂಕಾದದ್ದು, ಹೂ ಹಾಳಾಗುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರಂತೆ. ಅವಳು ಸ್ವಂತ ಮನೆಯ ತೋಟದಲ್ಲಿ ಮಾಡಿದಳು, ಬಿಸಿಯಾಗಿ ಉಂಡು ಶಾಲೆಗೆ ಬಂದಳು. ಎಡ್ಮಂಡನಿಗೂ ಅವಳಿಗೂ ಇರುವ ಅಂತರ ಅದೇ, ಮತ್ತು ಅದು ಸಣ್ಣದಲ್ಲ.

2005ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿಯಿತು. ಇದಕ್ಕೂ ಕಾರಣಗಳುಂಟು. ವೆನಿಲ್ಲಾದ ಮುಖ್ಯ ಪರಿಮಳದ್ರವ್ಯವಾದ ವೆನಿಲಿನ್ ಅನ್ನು 1874ರಲ್ಲಿಯೇ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ರಸಾಯನಶಾಸ್ತ್ರಜ್ಞರು ಕೃತಕವಾಗಿ ತಯಾರಿಸಿದ್ದರು. ಕೋಡಿನ ಬೆಲೆ ಮಿತಿಮೀರಿದಾಗಲೆಲ್ಲ ಕಾರ್ಖಾನೆಗಳು ಅದರ ಕಡೆಗೆ ಹೊರಳುತ್ತವೆ. ಇತ್ತ ಬೆಲೆಯ ಆಸೆಗೆ ನೆಟ್ಟ ಬಳ್ಳಿ ಫಲ ಕೊಡುವುದು ಮೂರು ವರ್ಷದ ಮೇಲೆ, ಎಲ್ಲ ದೇಶಗಳಲ್ಲಿಯೂ ಒಟ್ಟಿಗೆ. ಏರಿದ ಬೆಲೆ ಕಂಡು ನೆಟ್ಟವನು ಇಳಿದ ಬೆಲೆಗೆ ಕೊಯ್ಯುತ್ತಾನೆ. ರೋಗವೂ ಸೇರಿತು, ಅನೇಕರು ಬಳ್ಳಿಯನ್ನು ಕೈಬಿಟ್ಟರು. 2017ರ ಮಾರ್ಚ್‌ನಲ್ಲಿ ಎನಾವೊ ಚಂಡಮಾರುತ ಮಡಗಾಸ್ಕರಿಗೆ ಬಡಿದ ಮೇಲೆ ಸಂಸ್ಕರಿಸಿದ ಕೋಡು ಕಿಲೋಗೆ ಆರುನೂರು ಡಾಲರಿನ ಸುತ್ತಮುತ್ತ ಮುಟ್ಟಿ ಮತ್ತೆ ಇಳಿಯಿತು. ಚಕ್ರ ಒಂದೇ, ವರ್ಷ ಮಾತ್ರ ಬೇರೆ.

ಈ ಏರಿಳಿತದಲ್ಲಿ ಬದಲಾಗದೆ ಉಳಿದದ್ದು ಒಂದೇ. ಯಂತ್ರಗಳ ಈ ಯುಗದಲ್ಲಿಯೂ ತೋಟದ ವೆನಿಲ್ಲಾ ಕೋಡಿನ ಹಿಂದೆ ಒಂದು ಕಡ್ಡಿ, ಒಂದು ಹೆಬ್ಬೆರಳು, ಒಂದು ಮುಂಜಾನೆ ಇರಲೇಬೇಕು. ಮಾರುಕಟ್ಟೆಯ ಪಟ್ಟಿಯಲ್ಲಿ ಆ ಬೆರಳಿಗೆ ಹೆಸರಿಲ್ಲ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಪರಾಗಸ್ಪರ್ಶದ ಪಾಠ ವಿಜ್ಞಾನದ ಪುಸ್ತಕದಲ್ಲಿದೆ, ಗುಲಾಮಗಿರಿಯ ಪಾಠ ಚರಿತ್ರೆಯ ಪುಸ್ತಕದಲ್ಲಿದೆ. ಎರಡನ್ನೂ ಒಂದೇ ದಿನ, ಒಂದೇ ಹೂವಿನ ಚಿತ್ರ ಬರೆದು ಕಲಿಸಬಹುದು. ಆ ಚಿತ್ರದ ಕೆಳಗೆ 1841 ಎಂಬ ಇಸವಿಯನ್ನೂ ಎಡ್ಮಂಡ್ ಆಲ್ಬಿಯಸ್ ಎಂಬ ಹೆಸರನ್ನೂ ಬರೆಯಿರಿ. ಅವನಿಗೆ ಹನ್ನೆರಡು ವರ್ಷವಾಗಿತ್ತು ಎಂದು ಹೇಳುವುದನ್ನು ಮರೆಯಬೇಡಿ. ಆ ವಯಸ್ಸಿನ ಮಕ್ಕಳು ಅದನ್ನು ಬೇಗ ಮರೆಯಲಾರರು.